ಕೈಗೆ ಬಂದ ಪನ್ನೀರುದಾನಿ

"ಇಡಮ್ಮಾ ಅದನ್ನ ಕೆಳಗೆ!" ಎಂದು ಹಳೇ ಸಾಮಾನಿನ ಅಂಗಡಿಯ ಮುದುಕ ಮಚಾನೋ ಗದರಿದ ಹೊಡೆತಕ್ಕೆ, ಗೋಡೆ ಗಡಿಯಾರಗಳನ್ನು ನೋಡುತ್ತಿದ್ದ ಇಬ್ಬರು ಪರದೇಶಿ ಪ್ರವಾಸಿಗರೂ ತಿರುಗಿ ನೋಡಿದರು. "ಎರಡು ವರ್ಷದಿಂದ ಮುಟ್ತಾನೇ ಇದೀಯ. ಕೊಳ್ಳೋ ಕೈಯಾಗಿದ್ರೆ ಇಷ್ಟೊತ್ತಿಗೆ ಕೊಂಡಿರ್ತಿತ್ತು."

ಜುವೇನಾ ನಕ್ಕಳು. ಕೈಯಲ್ಲಿದ್ದ ಬೆಳ್ಳಿಯ ಪನ್ನೀರುದಾನಿಯನ್ನು ಕಪಾಟಿನಲ್ಲಿಟ್ಟು, ಅದರ ಸಪೂರ ಕೊರಳನ್ನು ಇನ್ನೊಮ್ಮೆ ಬೆರಳಿನಿಂದ ಸವರಿ, "ಸಿಟ್ಟಾಗಬೇಡಿ ಯಜಮಾನ್ರೇ, ಬರೋ ಶನಿವಾರ ಬರ್ತೀನಿ" ಎಂದಳು. ಬೈಗುಳ ಬಿದ್ದದ್ದು ಅವಳಿಗಾದರೂ ಕಿವಿ ಕೆಂಪಾದದ್ದು ಹಿಂದೆ ನಿಂತಿದ್ದ ಗಂಡ ಕೊಂಬೋನದು.

ಜಾಂಜಿಬಾರಿನಲ್ಲಿ ವಾರಕ್ಕೆ ಆರು ದಿನ ವ್ಯಾನು ಓಡಿಸುವ ಕೊಂಬೋನಿಗೆ ಇದ್ದದ್ದು ಅದೊಂದು ಶನಿವಾರದ ರಜೆ. ಹೆಂಡತಿ ವಾರವಿಡೀ ಕಸೂತಿ ಹಾಕಿದ ಟೋಪಿಗಳನ್ನು ದರಾಜಾನಿ ಪೇಟೆಯ ಅಂಗಡಿಗೆ ಮುಟ್ಟಿಸುವುದು ಅರ್ಧ ಗಳಿಗೆಯ ಕೆಲಸ. ಆಮೇಲೆ ಮನೆಗೆ ಹೋಗಬೇಕಲ್ಲ? ಇಲ್ಲ, ಮಚಾನೋನ ಗಲ್ಲಿಗೆ ತಿರುಗಲೇಬೇಕು. ಹೋದವಳು ಬರೀ ನೋಡಿ ಬರುವವಳೂ ಅಲ್ಲ. ಹಿತ್ತಾಳೆ ಮೊಳೆಯ ಮದುವೆ ಪೆಟ್ಟಿಗೆಯ ಖಾನೆಗಳನ್ನು ಒಂದೊಂದಾಗಿ ಎಳೆದು ನೋಡುವಳು. ಚೀನಾ ತಟ್ಟೆಗಳನ್ನು ಬೆಳಕಿಗೆ ಹಿಡಿಯುವಳು. ಬೆಲೆ ಕೇಳಿ, ಪ್ರಾಣ ಹೋಗುವಂತೆ ಚೌಕಾಸಿ ಮಾಡುವಳು. ಮುದುಕ ಬೆವರು ಒರೆಸಿಕೊಳ್ಳುತ್ತಾ ಕೊನೆಗೊಮ್ಮೆ ಒಪ್ಪಿದ ಕೂಡಲೇ, "ಚೆನ್ನಾಗಿದೆ. ಇಲ್ಲೇ ಇರಲಿ" ಎಂದು ಹೊರಡುವಳು. ಹಸಿದ ಹೊಟ್ಟೆಯಲ್ಲಿ ಧೂಳು ಕುಡಿಯುತ್ತಾ ಒಂಟಿಕಾಲಲ್ಲಿ ನಿಲ್ಲುವ ಪಾಡು ಕೊಂಬೋನದು.

"ಮಾನ ಮರ್ಯಾದೆ ಇದೆಯೇನೇ ನಿನಗೆ?" ಎಂದು ದಾರಿಯಲ್ಲಿ ಅವನು ಸಿಡಿದ.

"ಬೈಸಿಕೊಂಡಿದ್ದು ನಾನು. ನಿಮಗ್ಯಾಕೆ ಉರಿ?"

"ಪರದೇಶದವರ ಎದುರಿಗೆ! ಇವಳ ಗಂಡನಿಗೆ ಒಂದು ಪನ್ನೀರುದಾನಿ ಕೊಡಿಸೋ ಯೋಗ್ಯತೆ ಇಲ್ಲ ಅಂತ ತಾನೇ ಅವನು ಹೇಳಿದ್ದು?"

"ಅವನೆಲ್ಲಿ ಹಾಗಂದ? ಕೆಳಗಿಡು ಅಂದ, ಇಟ್ಟೆ. ಬೇಗ ನಡೀರಿ, ಪಿಲಾವು ಆರಿ ಹೋಗುತ್ತೆ."

"ಅಲ್ಲಿ ಎರಡು ಗಂಟೆ ನಿಂತಾಗ ಆರಲಿಲ್ಲವಂತೆ, ಈಗ ಆರುತ್ತಂತೆ!"

ಮುದುಕನ ಮಾತು ಮೀನಿನ ಮುಳ್ಳಿನಂತೆ ಕೊಂಬೋನ ಗಂಟಲಲ್ಲಿ ಸಿಕ್ಕಿಕೊಂಡಿತು. ಸೋಮವಾರ, ಮಂಗಳವಾರ ಹೇಗೋ ಕಳೆದವು. ಬುಧವಾರ ಮಧ್ಯಾಹ್ನ ವ್ಯಾನನ್ನು ನಿಲ್ದಾಣದಲ್ಲಿ ಬಿಟ್ಟು ನೇರ ಅಂಗಡಿಗೆ ನಡೆದ. ಹೊಸ ಟೈರಿಗೆಂದು ಕೂಡಿಟ್ಟ ಹಣ ಜೇಬಿನಲ್ಲಿತ್ತು; ಸವೆದ ಟೈರುಗಳು ಇನ್ನೊಂದು ಮಳೆಗಾಲ ತಡೆದಾವು ಎಂದುಕೊಂಡ. ಹಟಕ್ಕೆ ಬಿದ್ದವನಂತೆ ಒಂದು ಮಾತೂ ಚೌಕಾಸಿ ಮಾಡದೆ, ಹೇಳಿದ ಬೆಲೆ ಎಸೆದು, ಪನ್ನೀರುದಾನಿಯನ್ನು ಕಂಕುಳಲ್ಲಿ ಅವುಚಿಕೊಂಡು ಮನೆಗೆ ಬಂದ.

ಸೂಜಿ ಹಿಡಿದು ಕೂತಿದ್ದ ಜುವೇನಾ ಕಾಗದ ಬಿಚ್ಚಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಯಾಕೆ ತಂದ್ರಿ?"

"ಯಾಕೆ ಅಂದ್ರೆ? ಎರಡು ವರ್ಷ ಕಣ್ಣಲ್ಲೇ ನುಂಗಿದೀಯಲ್ಲ, ಅದಕ್ಕೆ!"

"ಚೆನ್ನಾಗಿದೆ" ಎಂದು ಅದನ್ನು ಚಹಾಪುಡಿ ಡಬ್ಬಿಯ ಪಕ್ಕದಲ್ಲಿಟ್ಟಳು. ಡಬ್ಬಿ ತೆಗೆಯುವಾಗಲೆಲ್ಲ ಅಡ್ಡ ಬರುತ್ತದೆಂದು ಮರುದಿನ ಕಿಟಕಿಗೆ ಹೋಯಿತು. ಅಲ್ಲಿಂದ ಬೀರುವಿನ ತಲೆಗೆ.

ಆ ಶನಿವಾರ ಟೋಪಿಗಳನ್ನು ಕೊಟ್ಟವಳೇ ಜುವೇನಾ ಬಸ್ ನಿಲ್ದಾಣದ ಕಡೆ ಹೆಜ್ಜೆ ಹಾಕಿದಳು. "ಅಂಗಡಿಗೆ?" ಎಂದರೆ "ಬೇಡ" ಎಂದಳು. ಬಿಸಿ ಪಿಲಾವು ಉಂಡು ಕೊಂಬೋ ಸಂತೋಷಪಟ್ಟ. ಮುಂದಿನ ಶನಿವಾರವೂ ಅದೇ ಆಯಿತು. ಮನೆಯಲ್ಲಿ ಅವಳು ಮಾತು ಕಡಿಮೆ ಮಾಡಿದ್ದಳು. ಕೇಳಿದರೆ ಏನೂ ಇಲ್ಲ ಎನ್ನುತ್ತಿದ್ದಳು. ಮೂರನೆಯ ಶನಿವಾರ ಅವನಿಗೆ ತಡೆಯಲಾಗಲಿಲ್ಲ. ಅವಳ ಕೈ ಹಿಡಿದು, ಹೆಚ್ಚು ಕಡಿಮೆ ಎಳೆದುಕೊಂಡೇ, ಆ ಗಲ್ಲಿಗೆ ಹೋದ.

"ಓಹೋ! ಬರಬೇಕು, ಬರಬೇಕು ಜುವೇನಮ್ಮಾ!" ಮಚಾನೋ ಎದ್ದೇ ನಿಂತ. ಕುರ್ಚಿಯನ್ನು ತನ್ನ ಹೆಗಲವಸ್ತ್ರದಲ್ಲೇ ಒರೆಸಿದ. ಶುಂಠಿ ಹಾಕಿದ ಕಾಫಿ ತರಿಸಿದ. ಒಳಗಿನಿಂದ ಒಂದು ಬೆಳ್ಳಿಯ ಹೂಜಿ ತಂದು, "ನಿಮ್ಮ ಪನ್ನೀರುದಾನಿಗೆ ಇದು ಹೇಳಿ ಮಾಡಿಸಿದ ಜೋಡಿ. ನಿನ್ನೆ ಒಬ್ಬ ಕೇಳಿದ, ಕೊಡಲಿಲ್ಲ. ನಿಮಗೇ ಅಂತ ಎತ್ತಿಟ್ಟಿದೀನಿ" ಎಂದ.

ಜುವೇನಾ ನೆಂಟರ ಮನೆಗೆ ಮೊದಲ ಸಲ ಹೋದವಳಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಎರಡೂ ಕೈ ಮಡಿಲಲ್ಲಿದ್ದವು. ಯಾವ ಖಾನೆಯನ್ನೂ ಎಳೆಯಲಿಲ್ಲ, ಯಾವ ತಟ್ಟೆಯನ್ನೂ ಎತ್ತಲಿಲ್ಲ. ಅರ್ಧ ಕಾಫಿ ಕುಡಿದು, "ಇನ್ನೊಮ್ಮೆ ನೋಡೋಣ" ಎಂದು ಎದ್ದುಬಿಟ್ಟಳು.

ಗಲ್ಲಿಗೆ ಇಳಿದದ್ದೇ ಕೊಂಬೋ ಹಣೆ ಹಣೆ ಚಚ್ಚಿಕೊಂಡ. "ಏನು ಹೆಂಗಸೇ ನೀನು! ನೋಡ್ತೀನಿ ಅಂತಾನೂ ನನ್ನ ಜೀವ ತಿಂದೆ, ನೋಡಲ್ಲ ಅಂತಾನೂ ತಿಂತಾ ಇದೀಯ. ಇಡಮ್ಮಾ ಕೆಳಗೆ ಅಂತಿದ್ದೋನು ಇವತ್ತು ಕುರ್ಚಿ ಹಾಕಿ ಕಾಫಿ ಕೊಟ್ಟ. ಇನ್ನೂ ಏನು ಬೇಕು ನಿನಗೆ?"

ಎದುರಿನಿಂದ ಬರುತ್ತಿದ್ದ ಕೈಗಾಡಿಗೆ ದಾರಿ ಬಿಟ್ಟು ಜುವೇನಾ ಗೋಡೆಗೆ ಒತ್ತಿ ನಿಂತಳು.

"ಮುಂಚೆ ಆ ಅಂಗಡೀಲಿದ್ದಿದ್ದೆಲ್ಲಾ ನಂದೇ ಆಗಿತ್ತು ಕಣ್ರೀ" ಎಂದಳು. "ನೀವು ಒಂದನ್ನ ಕೊಂಡ್ರಿ ನೋಡಿ, ಮಿಕ್ಕಿದ್ದೆಲ್ಲಾ ಮಚಾನೋಂದಾಗೋಯ್ತು."