ಭುಜದ ಮೇಲಿನ ಕೈ

“ಖರೇನ ಇಕೀನೇ ಬರದಾಳ, ಅದಕ್ಕ ನಾನೇ ಸಾಕ್ಷಿ!” ಎಂದು ಡಾಕ್ಟರ್ ಆನಂದತೀರ್ಥ ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಭುಜ ತಟ್ಟಿದ. ವತ್ಸಲಾ ಸಂಜೆ ಕಾಲೇಜಿನಲ್ಲಿ ಬರೆದ ಇಂಗ್ಲಿಷ್ ಪ್ರಬಂಧಕ್ಕೆ ಬಹುಮಾನ ಬಂದಿತ್ತು. ಅವಳೇ ಬರೆದಳೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ಆದರೂ ವಿದೇಶದ ಕ್ವೀನ್ಸ್‌ಬರಿಯಲ್ಲಿದ್ದ ಅವರ ಫ್ಲ್ಯಾಟಿನಲ್ಲಿ ಚಹಾಕ್ಕೆ ಸೇರಿದ್ದವರೆಲ್ಲ ಗೊಳ್ಳೆಂದು ನಕ್ಕರು.

“ಯಾವುದರ ಬಗ್ಗೆ ಬರದ್ರಿ, ವೈನಿ?” ಎಂದ ಗೆಳೆಯ ಶಶಿಧರ.

“ಅಮೆರಿಕಾದಾಗ ಗುಲಾಮರಾಗಿದ್ದವರು ಬರೆದ ಮೊದಲ ಆತ್ಮಕಥೆಗಳ ಬಗ್ಗೆ,” ಎಂದಳು ವತ್ಸಲಾ. “ಅವರಿಗೆ ಬರೀಲಿಕ್ಕೆ ಬರ್ತದಂತ ಯಾರೂ ನಂಬತಿರಲಿಲ್ಲ. ಅದಕ್ಕ ಪುಸ್ತಕದ ಮೊದಲಿಗೇ ಒಬ್ಬ ಬಿಳಿ ಸಾಹೇಬ ಬರದು ಕೊಡತಿದ್ದ: ಖರೇನ ಇವನೇ ಬರದಾನ, ಅದಕ್ಕ ನಾನೇ ಸಾಕ್ಷಿ ಅಂತ.”

ನಗು ನಿಂತಿತು. ಆನಂದತೀರ್ಥನ ಕೈ ಇನ್ನೂ ಅವಳ ಭುಜದ ಮೇಲೇ ಇತ್ತು. ಅಲ್ಲೇ ಇಟ್ಟರೂ ನಾಚಿಕೆ, ತೆಗೆದರೂ ನಾಚಿಕೆ.