ಅಮಾವಾಸ್ಯೆಯ ಸ್ವಿಚ್

ಶಿವಗಂಗವ್ವನ ಪತಿ ಚೆನ್ನಮಲ್ಲಪ್ಪ ತೀರಿಕೊಂಡರೆಂದು ಆಸ್ಪತ್ರೆಯಿಂದ ಮಗಳು ಫೋನ್ ಮಾಡಿದ ದಿನ ಅಮಾವಾಸ್ಯೆ. ಅವರು ಜೋಪಾನ ಮಾಡಿದ ಹಳೆಯ ಕಂಪ್ಯೂಟರುಗಳು ಘಾಟ್ಕೋಪರಿನ ಮನೆಯ ಗೋಡೆಯುದ್ದಕ್ಕೂ ಕೂತಿದ್ದವು. ತಿಂಗಳಿಗೊಮ್ಮೆ ಕರೆಂಟು ಹರಿಯದಿದ್ದರೆ ಒಳಗೇ ಕೆಡುತ್ತವೆಂದು, ಪ್ರತಿ ಅಮಾವಾಸ್ಯೆ ಅವುಗಳಿಗೆ ವಿಭೂತಿ ಹಚ್ಚಿ ಚಾಲೂ ಮಾಡುತ್ತಿದ್ದರು. ಶಿವಗಂಗವ್ವ ಕಣ್ಣೊರೆಸಿಕೊಂಡು, ತಾನೆಂದೂ ಮುಟ್ಟದ ಸ್ವಿಚ್ಚಿಗೆ ಕೈ ಚಾಚಿದಳು.

“ಸೂತಕ ಕಣ್ರೀ, ಇವತ್ತು ಬೇಡ,” ಎಂದು ನೆರೆಮನೆಯ ಸುಬ್ಬಲಕ್ಷ್ಮಿ ತಡೆದಳು. “ಇನ್ನು ಇವನ್ನೆಲ್ಲ ಯಾರು ನೋಡ್ಕೋತಾರೆ? ಭಂಗಾರ್‌ವಾಲಾಗೆ ಗುಜರಿ ಅಂತ ತೂಕಕ್ಕೆ ಹಾಕ್ಬಿಡಿ.”

“ನಮ್ಮ ಲಿಂಗವಂತರೊಳಗ ಸೂತಕ ಇಲ್ರೀ ಬಾಯಿ. ಇವನ್ನ ಸಾಯಾಕ ಬಿಡೂದಿಲ್ಲ. ಇನ್ನ ಮ್ಯಾಲೆ ನಾನ ನೋಡ್ಕೋತೇನಿ.”

ಒಂದೊಂದಕ್ಕೂ ವಿಭೂತಿ ಹಚ್ಚಿ ಸ್ವಿಚ್ ಒತ್ತಿದಳು. ಕೊನೆಯದರ ಪರದೆಯಲ್ಲೂ ಹಸಿರು ಅಕ್ಷರ ಮೂಡಿದಾಗ ಕೈಮುಗಿದಳು: “ಶಿವನೇ, ಅವರನ್ನ ನಿನ್ನ ಪಾದದಾಗ ಶಾಂತವಾಗಿ ಇಟ್ಟುಕೋ.”