ಹತ್ತು ಬೆರಳಿಗೆ ಇಳಿಸಿದ್ದು

"ನಡುವಿಗೆ ಸರಿದು ಕೂಡು ನಯನಾ," ಎಂದರು ನಾಗಭೂಷಣ್ ಸರ್. "ಬಸ್ಸಿನ ಸೀಟಿಗೆ ಟವೆಲ್ ಹಾಕಿದಂಗೆ ಆ ಕಡೆ ಯಾರಿಗೆ ಜಾಗ ಹಿಡಿದೀಯವ್ವ?"

ನಯನಾ ನಾಚಿ ಪಿಯಾನೊ ಬೆಂಚಿನ ನಡುವಿಗೆ ಸರಿದಳು. ಬಲ ಅರ್ಧದಲ್ಲೇ ಕೂತು ಅವಳಿಗೆ ರೂಢಿ. ಎಡ ಅರ್ಧ ಗೆಳತಿ ಬಿಂದುವಿನದು. ಅವರಿಬ್ಬರೂ ನುಡಿಸುತ್ತಿದ್ದದ್ದು ನೂರು ವರ್ಷದ ಹಿಂದೆ ಯುರೋಪಿನಲ್ಲಿ ಯಾರೋ ಎಂಬತ್ತು ವಾದ್ಯಗಾರರಿಗೆಂದು ಬರೆದ ಸಂಗೀತ. ಒಂದೇ ಪಿಯಾನೊ ಮುಂದೆ ಇಬ್ಬರು ಕೂತು ನುಡಿಸುವಂತೆ ಮತ್ತಾರೋ ಅದನ್ನು ಇಳಿಸಿಕೊಟ್ಟಿದ್ದರು. ವಿನೋಬನಗರದ ಈ ಮಹಡಿ ಕೋಣೆಯಲ್ಲಿ, ಕೆಳಗೆ ಆಟೊಗಳು ಎಷ್ಟು ಅರಚಿದರೂ ಕಿವಿಗೆ ಹಾಕಿಕೊಳ್ಳದೆ, ಇಬ್ಬರೂ ಮೊಣಕೈಗೆ ಮೊಣಕೈ ತಾಗಿಸಿಕೊಂಡು, ತಪ್ಪಿದಾಗ ಒಬ್ಬರನ್ನೊಬ್ಬರು ಚಿವುಟಿಕೊಂಡು ಅದನ್ನು ಕಲಿತಿದ್ದರು. ಆಮೇಲೆ ಬಿಂದುವಿಗೆ ಹರಿಹರದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿತು. ಹರಿಹರವೇನು ದೂರವೇ? ಬಸ್ ಹತ್ತಿ ಕೂತರೆ ಒಂದು ಸಣ್ಣ ನಿದ್ದೆಗೂ ಸಾಲದ ದಾರಿ. ಆದರೂ 'ಈ ಭಾನುವಾರ ಖರೇನ ಬರ್ತೀನಿ' ಎಂಬ ಮಾತು ವಾರದಿಂದ ವಾರಕ್ಕೆ ಜಾರುತ್ತಾ ಮಳೆಗಾಲ ಕಳೆದು ಚಳಿ ಬಿದ್ದಿತ್ತು.

ಕೊನೆಗೆ ಸರ್, ಅದೇ ಸಂಗೀತವನ್ನು ಒಬ್ಬರೇ ನುಡಿಸುವಂತೆ ಇಳಿಸಿದ್ದ ಇನ್ನೊಂದು ಪುಸ್ತಕ ತರಿಸಿದರು. ಪುಟದ ತುಂಬ ಇರುವೆ ಮುತ್ತಿದ ಹಾಗೆ ಸ್ವರಗಳು. ನಯನಾ ಮೊದಲಿಗೆ ಅದನ್ನು ಮುಟ್ಟಿರಲೇ ಇಲ್ಲ. ಒಬ್ಬಳೇ ನುಡಿಸಲು ಕಲಿತುಬಿಟ್ಟರೆ ಬಿಂದುವನ್ನು ಕರೆಯಲು ನೆಪವೇ ಉಳಿಯುವುದಿಲ್ಲವಲ್ಲ! ಆದರೆ ಇಬ್ಬರೂ ಸೇರಿ ನುಡಿಸಬೇಕಿದ್ದ ಕಾರ್ಯಕ್ರಮ ಹತ್ತಿರ ಬಂತು. ಬೇರೆ ದಾರಿಯಿಲ್ಲದೆ ಕಲಿತಳು. ಇವತ್ತು ಬಿಂದು ಬಂದು ಕೇಳುತ್ತಾಳೆ. ಮುಂದಿನ ವಾರ ವೇದಿಕೆ ಹತ್ತುವುದು ಇಬ್ಬರೋ ಒಬ್ಬಳೋ, ಇವತ್ತೇ ತೀರ್ಮಾನ.

"ಒಂದು ಮಾತು," ಎಂದರು ಸರ್. "ನಡುವೆ ತಗ್ಗಿನ ಧ್ವನಿಯಾಗೆ ಒಂದು ರಾಗ ಬರ್ತೈತಲ್ಲ, ಬಿಂದು ಬಾರಿಸ್ತಿದ್ಲಲ್ಲ, ಅದನ್ನ ಎಡಗೈ ಹೆಬ್ಬೆರಳಿನಾಗೆ ಎತ್ತಿ ಹಿಡೀಬೇಕು. ಎಂಬತ್ತು ಮಂದಿದು ಹತ್ತು ಬೆರಳಿಗೆ ಇಳಿಸುವಾಗ ಏನೇನೋ ಬಿಟ್ಟಾರೆ, ಅದೊಂದನ್ನ ಬಿಟ್ಟಿಲ್ಲ. ಅದು ಹೋತು ಅಂದ್ರೆ ಉಳಿದಿದ್ದೆಲ್ಲ ಬರೀ ಒಗ್ಗರಣೆ."

"ಹೂನ್ರಿ ಸರ್."

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಬಿಂದು ಮಿರ್ಚಿ ಪೊಟ್ಟಣ ಹಿಡಿದೇ ಒಳಗೆ ಬಂದಳು.

"ಏನೇ ನಯನಾ, ಹಿಂಗ್ಯಾಕ ಸೊರಗೀಯ? ತಗಾ, ಬಿಸಿ ಐತೆ. ಸರ್, ನೀವೂ ತಗಳ್ರಿ."

ನಯನಾ ತನಗೇ ಗೊತ್ತಿಲ್ಲದೆ ಮತ್ತೆ ಬಲಕ್ಕೆ ಸರಿದಿದ್ದಳು. "ಬಾರೇ, ಕೂಡು. ಒಂದ್ಸಲ ಇಬ್ರೂ ಬಾರಿಸಿ ನೋಡಾಣ."

"ಅಯ್ಯ, ಕೈಯೆಲ್ಲ ಎಣ್ಣೆ. ಸರ್ ಬೈತಾರೆ." ಬಿಂದು ಕಿಟಕಿ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತಳು. "ನಮ್ಮ ಸೆಕ್ಷನ್ ಹುಡ್ಗೇರಿಗೆ ನಾನು ಆರ್ಕೆಸ್ಟ್ರಾ ಸಂಗೀತ ಬಾರಿಸ್ತಿದ್ದೆ ಅಂದ್ರೆ, 'ಗಣಪತಿ ಹಬ್ಬಕ್ಕೆ ಕರೆಸ್ತಾರಲ್ಲ, ಅದ್ರಾಗಾ?' ಅಂತಾವೆ! ನಕ್ಕು ನಕ್ಕು ಸಾಕಾತು. ಸಂಜಿಗೆ ಎಲ್ರೂ ಹೊಳಿ ಕಡೆ ಹೋಗಾಣ ಅಂತ ಮಾತಾಗೈತೆ, ಲಗೂನ ಬಸ್ ಹಿಡೀಬೇಕು."

"ಕಾರ್ಯಕ್ರಮಕ್ಕೆ ಬರ್ತೀಯಾ ಇಲ್ಲಾ, ಅದನ್ನ ಹೇಳು."

"ಮೊದ್ಲು ಬಾರಿಸೇ ಮಾರಾಯ್ತಿ. ನಾ ಬೇಕೋ ಬ್ಯಾಡೋ, ಕೇಳಿ ಹೇಳ್ತೀನಿ."

ನಯನಾ ನಡುವಿಗೆ ಬಂದು ಶುರು ಮಾಡಿದಳು. ಕಿರುಬೆರಳಲ್ಲಿ ಕೊಳಲು ಬಂತು, ಬಲ ಹೆಬ್ಬೆರಳಲ್ಲಿ ಕಹಳೆ, ಎಡಗೈ ತುದಿಯಲ್ಲಿ ದೂರದ ನಗಾರಿ. ಎಂಬತ್ತು ಜನ ಒಬ್ಬೊಬ್ಬರಾಗಿ ಆ ಪುಟ್ಟ ಕೋಣೆಯೊಳಗೆ ಬಂದು ನಿಂತಂತಾಯಿತು. ಬಿಂದುವಿನ ರಾಗ ಹತ್ತಿರ ಬಂತು. ಆಗ ನಯನಾಳಿಗೆ ಒಂದು ಹುಚ್ಚು ಆಸೆ ಹುಟ್ಟಿತು. ಇದನ್ನು ಬಿಟ್ಟುಬಿಟ್ಟರೆ? ಬಿಂದು ಥಟ್ಟನೆ ಎದ್ದು, 'ಏ, ನಂದೆಲ್ಲಿ ಹೋತೇ?' ಎಂದು ಜಗಳ ತೆಗೆದು, ಎಣ್ಣೆ ಕೈಯಲ್ಲೇ ಓಡಿಬಂದು ಪಕ್ಕದಲ್ಲಿ ಧೊಪ್ಪೆಂದು ಕೂತರೆ?

ಎಡಗೈ ಹೆಬ್ಬೆರಳನ್ನು ಪಿಯಾನೊಗೆ ತಾಗಿಸದೆ ಮೇಲಕ್ಕೆತ್ತಿ ಹಿಡಿದಳು. ಕೊಳಲು, ಕಹಳೆ, ನಗಾರಿ ಎಲ್ಲವೂ ಸಾಗಿದವು. ಪಂಕ್ತಿಯಲ್ಲಿ ಎಲೆ ಹಾಕಿ ಬಡಿಸದೇ ಬಿಟ್ಟ ಜಾಗದ ಹಾಗೆ ನಡುವೆ ಮಾತ್ರ ಬರಿದೋ ಬರಿದು. ಸರ್ ಗಕ್ಕನೆ ತಲೆಯೆತ್ತಿ ನೋಡಿದರು. ಬಿಂದು ಕಣ್ಣುಮುಚ್ಚಿ ತಲೆದೂಗುತ್ತಿದ್ದಳು. ಕೇಳಿಸಲಿಲ್ಲವೇನೋ ಎಂದು ನಯನಾ ಅದೇ ಭಾಗವನ್ನು ಇನ್ನೊಮ್ಮೆ ನಿಧಾನಕ್ಕೆ, ಆ ಬರಿದಾದ ಜಾಗವನ್ನು ಕೈಹಿಡಿದು ತೋರಿಸುವ ಹಾಗೆ ನುಡಿಸಿದಳು. ಕಿವಿಯೆಲ್ಲ ಬೆನ್ನ ಹಿಂದೆ. ಕುರ್ಚಿ ಸರಿದ ಸದ್ದು ಬರಲಿಲ್ಲ.

ಮುಗಿದಾಗ ಬಿಂದು ಜೋರಾಗಿ ಚಪ್ಪಾಳೆ ತಟ್ಟಿದಳು. ಅವಳ ಕಣ್ಣಲ್ಲಿ ನೀರಿತ್ತು, ಮಿರ್ಚಿಯ ಖಾರದ್ದಲ್ಲ.

"ನಾ ಬ್ಯಾಡ ಬಿಡೇ," ಎಂದಳು, ಮನಸಾರೆ ಖುಷಿಯಾಗಿ.

ಸರ್ ಏನೋ ಹೇಳಲು ಬಾಯಿ ತೆರೆದರು. ನಯನಾ ಬೇಡವೆಂಬಂತೆ ತಲೆಯಾಡಿಸಿದಳು.

"ಆಣೆ ಮಾಡಿ ಹೇಳ್ತೀನಿ ನಯನಾ, ಮೊದ್ಲಿಗಿಂತ ಇದೇ ಚಲೋ ಕೇಳ್ತು. ಆವಾಗ ನಡುವೆ ಏನೋ ಒಂದು ಗೊಂಯ್ ಅಂತಿತ್ತಲ್ಲ, ಅದು ಹೋಗಿ ಎಷ್ಟು ತಿಳಿಯಾಗೈತೆ ನೋಡು!"